ದರ ಕೇಳದೆ ಕೊಟ್ಟ ಫೈಲು

ಕುಶಲಕ್ಕನಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಶಂಕರಪುರದಲ್ಲಿ ಇದು ಗೊತ್ತಿಲ್ಲದವರಿಲ್ಲ. ನೀರಿನ ಪೈಪು ಒಡೆದು ಹದಿನೈದು ದಿನವಾದರೂ ಯಾರೂ ಇತ್ತ ತಲೆ ಹಾಕದಿದ್ದಾಗ ಅವಳು ಪಂಚಾಯತಿಗೆ ಹೋಗಿ, ಮೇಜಿನ ಮುಂದೆ ನಿಂತು, ದೇವರ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ನಾಲ್ಕು ಮಾತಾಡಿದ್ದಳು. ಸಂಜೆಯೊಳಗೆ ಪೈಪು ರಿಪೇರಿಯಾಗಿತ್ತು. ಅಂಥ ಹೆಂಗಸು ಮಣಿಪಾಲದ ಒಂದು ಎ.ಸಿ. ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡು ಎಂಟು ಕಡೆ ಸಹಿ ಹಾಕಿ ಬಂದಳು ಎಂದರೆ ನಂಬುವುದಕ್ಕೇ ಕಷ್ಟ. ಆದರೆ ಹಾಕಿದ್ದಳು.

ಯಾಕೆ ಹಾಕಿದಳು ಎಂದು ತಿಳಿಯಬೇಕಾದರೆ ಅವಳ ಕಸುಬು ತಿಳಿಯಬೇಕು. ಮೂವತ್ತು ಸೆಂಟ್ಸ್ ಜಾಗ, ಅರವತ್ತು ಮಲ್ಲಿಗೆ ಗಿಡ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಮನೆ ನಡೆಸಿದ್ದೂ ಮಗಳು ದೀಕ್ಷಿತಾಳನ್ನು ಓದಿಸಿದ್ದೂ ಈ ಗಿಡಗಳೇ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟಿದ್ದನ್ನು ಏಜೆಂಟರ ಕೈಗೆ ಕೊಟ್ಟು ಬರುವುದು. ದರವೇ? ದರ ಆಮೇಲೆ. ಪೇಟೆಯ ಹೂವಿನ ಕಟ್ಟೆಯಲ್ಲಿ ಆ ದಿನದ ರೇಟು ಗೊತ್ತಾಗುವ ಹೊತ್ತಿಗೆ ಹೂ ಕೈಬಿಟ್ಟಿರುತ್ತದೆ. ಅಟ್ಟೆಗೆ ಎರಡು ಸಾವಿರ ಅಂದರೂ ಸರಿ, ನಾನೂರು ಅಂದರೂ ಸರಿ. ಮೊದಲು ದರ ಹೇಳಿ ಎಂದು ಕೇಳುವವರು ಅಲ್ಲಿ ಇಲ್ಲ. ಕೇಳಿದರೆ ಏಜೆಂಟರನ್ನು ನಂಬಲಿಲ್ಲ ಎಂದಾಗುತ್ತದೆ. ಇಪ್ಪತ್ತೇಳು ವರ್ಷ ಕುಶಲಕ್ಕ ಹೂ ಕೊಟ್ಟದ್ದು ಸಿಲ್ವೆಸ್ಟರ್ ಎಂಬ ಏಜೆಂಟರಿಗೆ. ಒಂದು ದಿನವೂ ಆ ಮನುಷ್ಯ ಒಂದು ರೂಪಾಯಿ ಹಿಡಿದುಕೊಂಡವರಲ್ಲ.

ಮಣಿಪಾಲದ ಆ ಆಫೀಸಿನಲ್ಲಿ, ಮಕ್ಕಳನ್ನು ಅಮೆರಿಕದ ಕಾಲೇಜುಗಳಿಗೆ ಸೇರಿಸಿಕೊಡುವ ಕೆಲಸದಲ್ಲಿ ಕುಳಿತಿದ್ದವನು ರೋನಿ, ಸಿಲ್ವೆಸ್ಟರರ ಮಗ. ಅಷ್ಟು ಸಾಕಾಯಿತು.

ದೀಕ್ಷಿತಾಳಿಗೆ ಇಪ್ಪತ್ತಮೂರು. ಕಾರ್ಕಳದಲ್ಲಿ ಬಿಎಸ್ಸಿ ಮುಗಿಸಿ ಎರಡು ವರ್ಷದಿಂದ ಉಡುಪಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. "ಪ್ರತಿ ಮಳೆಗಾಲಕ್ಕೂ ಅದೇ ನಾಲ್ಕು ಓಣಿಯಿಂದ ಡೆಂಗಿ ಬರ್ತದಮ್ಮ. ನಾವು ರಿಪೋರ್ಟು ಬರೆದು ಕೊಡ್ತೇವೆ. ಅದೇ ಓಣಿ ಯಾಕೆ ಅಂತ ಕೇಳುವವರು ಯಾರೂ ಇಲ್ಲ. ನನಗೆ ಅದನ್ನು ಕಲಿಯಬೇಕು" ಎಂದಿದ್ದಳು ಅವಳು. ಊರಿನ ಆರೋಗ್ಯದ ಬಗ್ಗೆಯೇ ಎರಡು ವರ್ಷದ ಓದು ಉಂಟಂತೆ, ಪಬ್ಲಿಕ್ ಹೆಲ್ತ್ ಅಂತ. ಕುಶಲಕ್ಕ ಓದಿದ್ದು ಏಳನೆಯ ತರಗತಿ. ಆದರೂ ಮಗಳ ಈ ಮಾತು ಅವಳಿಗೆ ನೇರ ಎದೆಗೆ ತಾಗಿತು.

ಕಾಪುವಿನಲ್ಲಿರುವ ನಾದಿನಿ ಪುಷ್ಪಾವತಿಗೆ ವಿಷಯ ಗೊತ್ತಾದದ್ದೇ ತಡ, ಫೋನು. "ಹೆಣ್ಣು ಹುಡುಗಿಗೆ ಅಮೆರಿಕ ಎಂತಕ್ಕೆ ಅತ್ತಿಗೆ? ಆ ಹಣದಲ್ಲಿ ಒಳ್ಳೇ ಮದುವೆ ಆಗ್ತದೆ."

"ನಿನ್ನ ಮಗನ ಮದುವೆಗೆ ಕಲ್ಯಾಣ ಮಂಟಪಕ್ಕೆ ಕೊಟ್ಟ ಹಣದಲ್ಲಿ ಅರ್ಧ ಡಿಗ್ರಿ ಆಗ್ತಿತ್ತು ಪುಷ್ಪಾ. ನಾನು ಆಗ ಏನಾದರೂ ಹೇಳಿದೆನಾ?" ಎಂದು ಕುಶಲಕ್ಕ ಮೆಲ್ಲಗೆ ಹೇಳಿದಳು. ಪುಷ್ಪಾವತಿ ಒಂದು ತಿಂಗಳು ಈ ಕಡೆ ಫೋನು ಮಾಡಲಿಲ್ಲ.

ಹೀಗೆ ಇಡೀ ಊರಿನ ಬಾಯಿ ಮುಚ್ಚಿಸಿದ ಹೆಂಗಸು ರೋನಿಯ ಮುಂದೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಗಳ ಅಸಲು ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಜಾಗದ ಪತ್ರದ ನಕಲು, ಸೀಟು ಹಿಡಿಯುವುದಕ್ಕೆಂದು ಐವತ್ತು ಸಾವಿರ, ಎಲ್ಲವನ್ನೂ ಒಂದು ನೀಲಿ ಫೈಲಿನಲ್ಲಿಟ್ಟು ಕೊಟ್ಟಳು. "ಒಟ್ಟು ಖರ್ಚು ಎಷ್ಟು ಅಂತ ಸ್ಕಾಲರ್‌ಶಿಪ್ ಬಂದ ಮೇಲೆ ಗೊತ್ತಾಗ್ತದೆ ಕುಶಲಕ್ಕ" ಎಂದ ರೋನಿ. ಅದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ಕೊಡುವುದು ಮೊದಲು, ದರ ಆಮೇಲೆ. ಜೀವಮಾನವಿಡೀ ಹಾಗೆಯೇ ತಾನೇ?

ಮೂರು ವಾರಕ್ಕೆ ದರ ಬಂತು. ಸ್ಕಾಲರ್‌ಶಿಪ್ ಕಳೆದು ಎರಡು ವರ್ಷಕ್ಕೆ ನಲವತ್ತೆಂಟು ಲಕ್ಷ. ಸಾಲಕ್ಕೆ ಮೂವತ್ತು ಸೆಂಟ್ಸನ್ನೂ ಅಡವಿಡಬೇಕು ಎಂದಿತು ಬ್ಯಾಂಕು.

ದೀಕ್ಷಿತಾ ಎರಡು ದಿನ ಸರಿಯಾಗಿ ಊಟ ಮಾಡದೆ ಮೊಬೈಲಿನಲ್ಲಿ ಮುಳುಗಿದ್ದಳು. ಮೂರನೆಯ ಬೆಳಿಗ್ಗೆ, ಮೊಗ್ಗಿನ ರಾಶಿಯ ಮುಂದೆ ಅಮ್ಮನ ಎದುರಿಗೆ ಬಂದು ಕುಳಿತಳು.

"ಅಮ್ಮ, ನನಗೆ ಬಂದ ಸ್ಕಾಲರ್‌ಶಿಪ್ಪು ಈ ಕಾಲೇಜಿಗೆ ಸೇರುವವರ ವಾಟ್ಸಾಪ್ ಗ್ರೂಪಿನಲ್ಲಿರುವ ಎಲ್ಲರಿಗೂ ಬಂದಿದೆ. ಎಲ್ಲರಿಗೂ ಒಂದೇ ಮೊತ್ತ. ನಂದು ಮಾರ್ಕು ಒಳ್ಳೇದುಂಟು ಅಂತ ಕೊಟ್ಟದ್ದಲ್ಲ. ಬೆಲೆ ಏರಿಸಿ ಆಮೇಲೆ ಡಿಸ್ಕೌಂಟು ಕೊಟ್ಟ ಹಾಗೆ."

"ಮತ್ತೆ?"

"ಅಮೆರಿಕದ ಸರಕಾರದ್ದೇ ಒಂದು ವೆಬ್‌ಸೈಟು ಉಂಟು. ಯಾವ ಕಾಲೇಜಿಗೆ ಎಷ್ಟು ಖರ್ಚು, ಎಷ್ಟು ಮಂದಿ ಮುಗಿಸ್ತಾರೆ, ಮುಗಿಸಿದವರಿಗೆ ಸಂಬಳ ಎಷ್ಟು ಅಂತ ಹಾಕಿದ್ದಾರೆ. ಈ ಕಾಲೇಜಿನಲ್ಲಿ ನಮ್ಮ ಬಿಎಸ್ಸಿಯ ಹಾಗಿನ ಕೆಳಗಿನ ಡಿಗ್ರಿಗೆ ನೂರು ಮಂದಿ ಸೇರಿದರೆ ಆರು ವರ್ಷದಲ್ಲಿ ಮುಗಿಸುವುದು ಮೂವತ್ತೊಂದು ಮಂದಿ."

ಕುಶಲಕ್ಕನ ಕೈಯಲ್ಲಿದ್ದ ನಾರು ನಿಂತಿತು. "ಉಳಿದವರು?"

"ಗೊತ್ತಿಲ್ಲ. ನಾನು ಸೇರುವ ಮೇಲಿನ ಕೋರ್ಸಿನಲ್ಲಿ ನೂರಕ್ಕೆ ಎಂಬತ್ತೆಂಟು ಹೊರದೇಶದವರು. ಹೆಚ್ಚಿನವರು ನಮ್ಮವರೇ ಅಂತೆ."

"ಹಾಗಾದರೆ ಅಮೆರಿಕದವರು ಅವರ ಮಕ್ಕಳನ್ನು ಎಲ್ಲಿಗೆ ಕಳುಹಿಸುವುದು? ಅವರ ಮಕ್ಕಳಿಗೆ ಬೇಡದ ಶಾಲೆ ನನ್ನ ಮಗಳಿಗಾ?" ದನಿ ಇಳಿಯತೊಡಗಿತ್ತು. "ಆ ಎಂಬತ್ತೆಂಟು ಮಂದಿಗೆ ಸಂಬಳ ಎಷ್ಟು ಅಂತ ಉಂಟು?"

"ಅದು ಇಲ್ಲಮ್ಮ. ಸಂಬಳ ಹಾಕಿದ್ದು ಅವರ ಸರಕಾರದ ಸಹಾಯ ತಗೊಂಡು ಓದಿದವರದ್ದು ಮಾತ್ರ. ಹೊರಗಿನಿಂದ ಹೋದವರು ಆ ಲೆಕ್ಕದಲ್ಲಿಯೇ ಇಲ್ಲ."

"ಹಣ ತಗೊಳ್ಳುವಾಗ ಲೆಕ್ಕದಲ್ಲಿ ಇದ್ದೇವೆ ಅಲ್ವಾ?" ಎಂದಳು ಕುಶಲಕ್ಕ. ಆಮೇಲೆ ಹಣೆಗೆ ಕೈಯಿಟ್ಟು ಕುಳಿತುಬಿಟ್ಟಳು. ಅವಳಿಗೆ ಮೊದಲು ಸಿಟ್ಟು ಬಂದದ್ದು ಕಾಲೇಜಿನ ಮೇಲಲ್ಲ, ರೋನಿಯ ಮೇಲೂ ಅಲ್ಲ, ತನ್ನ ಮೇಲೆಯೇ. ಹೂ ಆದರೆ ಸಂಜೆಗೆ ಬಾಡುತ್ತದೆ, ಬಂದ ದರಕ್ಕೆ ಕೊಡದೆ ಗತಿಯಿಲ್ಲ. ಮಗಳು ಬಾಡುತ್ತಾಳೆಯೇ? "ಹೂ ಕೊಟ್ಟ ಹಾಗೆ ನಿನ್ನನ್ನು ಕೊಟ್ಟುಬಿಟ್ಟೆನಲ್ಲ ಮಗಾ" ಎಂದು ಅವಳು ಅತ್ತಳು. ಅತ್ತದ್ದು ಎರಡೇ ನಿಮಿಷ. ಮುಖ ತೊಳೆದು ಬಂದವಳೇ ರೋನಿಗೆ ಫೋನು ಮಾಡಿ, ಸೀಟು ಬೇಡ, ಫೈಲು ವಾಪಸು ಕೊಡು ಎಂದಳು.

ರೋನಿ ರಾಗ ಎಳೆದ. ಅಸಲು ಪತ್ರಗಳು ಹೆಡ್ ಆಫೀಸಿನಲ್ಲಿ ಇವೆಯಂತೆ. ಕೊಟ್ಟ ಐವತ್ತು ಸಾವಿರ ಬರುವುದಿಲ್ಲವಂತೆ. ಮೇಲೆ ಒಂದು ಲಕ್ಷ ಕ್ಯಾನ್ಸಲ್ ಫೀಸು ಕಟ್ಟಿದರೆ ಹದಿನೈದು ದಿನದಲ್ಲಿ ತರಿಸಿಕೊಡುತ್ತಾನಂತೆ. ಸಹಿ ಹಾಕಿದ ಕಾಗದದಲ್ಲಿ ಬರೆದಿದೆಯಂತೆ. ಆ ಪತ್ರಗಳಿಲ್ಲದೆ ದೀಕ್ಷಿತಾ ಬೇರೆ ಯಾವ ಕಾಲೇಜಿಗೂ, ಇಲ್ಲಿನ ಬೇರೆ ಕೆಲಸಕ್ಕೂ ಅರ್ಜಿ ಹಾಕುವ ಹಾಗಿರಲಿಲ್ಲ.

ಮರುದಿನ ಕೊಯ್ದ ಮೊಗ್ಗು ಕಟ್ಟೆಗೆ ಹೋಗಲಿಲ್ಲ. ಕುಶಲಕ್ಕ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಒಂದು ಹಿಡಿ ಬಾಳೆನಾರು ತೆಗೆದುಕೊಂಡು, ಮಗಳ ಜೊತೆ ಬಸ್ಸು ಹತ್ತಿದಳು. ಆಫೀಸಿನ ಬಾಗಿಲು ತೆರೆಯುವಾಗ ಅವರೇ ಮೊದಲಿಗರು. ರೋನಿ ಸೋಫಾ ತೋರಿಸಿದ. ಅವಳು ಅದರ ಮುಂದೆ, ನುಣುಪು ಟೈಲ್ಸಿನ ನೆಲದ ಮೇಲೆ ಬಟ್ಟೆ ಹಾಸಿ, ಮೊಗ್ಗು ಸುರಿದು, ಚಕ್ಕಳಮಕ್ಕಳ ಹಾಕಿ ಕುಳಿತಳು.

"ಎಂತ ಕುಶಲಕ್ಕ ಇದು?"

"ಫೈಲು ಬರುವವರೆಗೆ ಸುಮ್ಮನೆ ಕೂತರೆ ಹೊತ್ತು ಹೋಗುವುದಿಲ್ಲ ಮಾರಾಯ. ನೀನು ನಿನ್ನ ಕೆಲಸ ಮಾಡು, ನಾನು ನನ್ನದು ಮಾಡ್ತೇನೆ."

ದೀಕ್ಷಿತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅಮ್ಮ, ಎಲ್ಲರೂ ನೋಡ್ತಾರೆ" ಎಂದು ಪಿಸುಗುಟ್ಟಿದಳು. "ನೋಡಲಿ ಅಂತಲೇ ಬಂದದ್ದು" ಎಂದಳು ಅಮ್ಮ.

ಹನ್ನೊಂದು ಗಂಟೆಗೆ ಆಫೀಸು ತುಂಬಿತು. ಒಳಗೆ ಬಂದ ಒಬ್ಬೊಬ್ಬ ತಾಯಿಗೂ ಕುಶಲಕ್ಕ ಒಂದು ಮೊಳ ಮಲ್ಲಿಗೆ ಕತ್ತರಿಸಿ ಕೊಟ್ಟಳು. ಜೊತೆಗೇ ಕೇಳಿದಳು: "ಯಾವ ಕಾಲೇಜು ಅಕ್ಕ? ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದ್ದಾರಂತೆ? ಕೇಳಿದಿರಾ?" ಯಾರೂ ಕೇಳಿರಲಿಲ್ಲ. ಹೂ ಮುಡಿದ ಮೇಲೆ ಕೇಳದೆ ಇರುವುದಕ್ಕೂ ಆಗಲಿಲ್ಲ. ಒಬ್ಬರು ಕೌಂಟರಿಗೆ ಹೋಗಿ ಕೇಳಿದರು, ಇನ್ನೊಬ್ಬರು ಕೇಳಿದರು. ಕೌಂಟರಿನ ಹುಡುಗಿ ಪ್ರತಿ ಸಲವೂ ರೋನಿಯ ಕೋಣೆಯ ಕಡೆ ನೋಡಿದಳು.

ಅಜೆಕಾರಿನಿಂದ ಬಂದ ಗಣಪ ಎಂಬವರು, ಮಗಳು ನವ್ಯಶ್ರೀಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆರೆದು ಕುಳಿತಿದ್ದರು. ಅದೇ ಕಾಲೇಜು, ಬೇರೆ ಕೋರ್ಸು. ಕುಶಲಕ್ಕನ ಪ್ರಶ್ನೆ ಕಿವಿಗೆ ಬಿದ್ದು ಅವರ ಕೈ ತಡೆಯಿತು. ಆಗ ರೋನಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು, ಗೋಡೆಯ ತುಂಬ ಹಚ್ಚಿದ್ದ ಫೋಟೊಗಳನ್ನು ತೋರಿಸಿದ. ನಲವತ್ತು ಮಕ್ಕಳು, ಎಲ್ಲರ ಕೊರಳಲ್ಲೂ ಹಾರ, ಹಿಂದೆ ಮಂಗಳೂರಿನ ವಿಮಾನ ನಿಲ್ದಾಣ. "ಇಷ್ಟು ಮಂದಿಯನ್ನು ಕಳುಹಿಸಿದ ಆಫೀಸು ಇದು ಕುಶಲಕ್ಕ. ಸುಮ್ಮನೆ ಜನರನ್ನು ಹೆದರಿಸಬೇಡಿ."

ಕುಶಲಕ್ಕ ಎದ್ದು, ಮಡಿಲಿನ ನಾರು ಕೊಡವಿ, ಗೋಡೆಯ ಹತ್ತಿರ ಹೋದಳು. ಒಂದೊಂದನ್ನೇ ನೋಡಿದಳು. ಆಮೇಲೆ ಅವಳ ದನಿ ಎಷ್ಟು ಇಳಿಯಿತೆಂದರೆ ಎ.ಸಿ.ಯ ಸದ್ದೂ ಕೇಳುತ್ತಿತ್ತು.

"ಎಲ್ಲ ಹೋಗುವ ಫೋಟೊ ರೋನಿ. ಮುಗಿಸಿದ ಫೋಟೊ ಒಂದು ತೋರಿಸು. ಆ ಕರಿ ನಿಲುವಂಗಿ ಹಾಕಿಕೊಂಡದ್ದು. ಇವಳು ಮುಗಿಸಿದಳಾ?"

"ಅವಳು... ಕಾಂಟ್ಯಾಕ್ಟಿನಲ್ಲಿ ಇಲ್ಲ."

"ಇವನು?"

ರೋನಿ ಟೈ ಸರಿಮಾಡಿಕೊಂಡ.

"ಇವನು? ಈ ಮೂಲೆಯ ಸಪೂರ ಹುಡುಗ?"

ರೋನಿ ಆ ಫೋಟೊದಿಂದ ಮುಖ ತಿರುಗಿಸಿದ. ಕುಶಲಕ್ಕ ಬಗ್ಗಿ ನೋಡಿದಳು. ರೋನಿಯ ಈಗಿನ ಗಡ್ಡ ಇಲ್ಲ, ಕನ್ನಡಕ ಇಲ್ಲ, ಆದರೆ ಮೂಗು ಸಿಲ್ವೆಸ್ಟರರದ್ದೇ.

"ಅದು ನೀನಾ?"

"ಹೌದು." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಮೂರು ಸೆಮಿಸ್ಟರ್ ಓದಿದೆ. ನಾಲ್ಕನೆಯದಕ್ಕೆ ಫೀಸು ಆಗಲಿಲ್ಲ. ಬಂದುಬಿಟ್ಟೆ. ಅಪ್ಪ ಯಾರ ಹತ್ತಿರವೂ ಹೇಳಲಿಲ್ಲ. ಮನೆ ಇನ್ನೂ ಬ್ಯಾಂಕಿನಲ್ಲಿ ಅಡವು ಉಂಟು. ಇಲ್ಲಿ ಒಂದು ಅಡ್ಮಿಷನ್ ಆದರೆ ನನಗೆ ಇಷ್ಟು ಅಂತ ಸಿಗ್ತದೆ. ನಾನು ಎಂತ ಮಾಡಬೇಕಿತ್ತು?"

ಪಾಪ ಎನ್ನಿಸಿತು ಅವಳಿಗೆ. ಎತ್ತಿ ಆಡಿಸಿದ ಮಗು ಅದು. ಆದರೆ ಪಾಪ ಎನ್ನಿಸಿದಷ್ಟೇ ಉರಿಯೂ ಎದ್ದಿತು. "ಎಂತ ಮಾಡಬೇಕಿತ್ತು ಅಂತ ನನ್ನನ್ನು ಕೇಳ್ತೀಯಾ? ನಾನು ಫೈಲು ಕೊಟ್ಟ ದಿನ ಇದನ್ನೇ ಹೇಳಬೇಕಿತ್ತು. ನಿನ್ನ ಅಪ್ಪನ ಹೆಸರು ನೋಡಿ ಕೊಟ್ಟೆ ನಾನು, ನಿನ್ನ ಟೈ ನೋಡಿ ಅಲ್ಲ. ನಿನ್ನ ಮನೆ ಅಡವಿಗೆ ಹೋಯಿತು ಅಂತ ನನ್ನ ಮನೆಯೂ ಹೋಗಬೇಕಾ? ಈಗ ಹೇಳು. ನನಗಲ್ಲ, ಅಗೋ ಅವರಿಗೆ."

ರೋನಿ ಗಣಪನವರ ಕಡೆ ತಿರುಗಿದ. "ನಾನು ಮುಗಿಸಲಿಲ್ಲ" ಎಂದ.

ಗಣಪ ಸಹಿ ಹಾಕದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು.

ಅಷ್ಟು ಹೊತ್ತು ತಲೆ ತಗ್ಗಿಸಿ ಕುಳಿತಿದ್ದ ದೀಕ್ಷಿತಾ ಎದ್ದು ಬಂದಳು. ಕೈಯಲ್ಲಿ ನೋಟ್‌ಬುಕ್ಕು. "ರೋನಿಯಣ್ಣ, ನಿಮ್ಮ ಕ್ಲಾಸಿನಲ್ಲಿ ಎಷ್ಟು ಮಂದಿ ಇದ್ದಿರಿ?"

"ಇಪ್ಪತ್ತೆರಡು."

"ಮುಗಿಸಿದ್ದು?"

"ಒಂಬತ್ತು."

"ಆ ಒಂಬತ್ತು ಮಂದಿ ನಿಮಗಿಂತ ಹುಷಾರಿದ್ದರಾ?"

ಅವನು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. "ಇಲ್ಲ. ನನಗೆ ಅವರೆಲ್ಲರಿಗಿಂತ ಜಾಸ್ತಿ ಮಾರ್ಕು ಇತ್ತು. ಕೆಲವರ ಮನೆಯಲ್ಲಿ ಹಣ ಇತ್ತು. ಮೂರು ಮಂದಿ ಹೊರಡುವ ಮೊದಲೇ ಅಲ್ಲಿನ ಪ್ರೊಫೆಸರಿಗೆ ಬರೆದು, ಅವರ ಕೈಕೆಳಗೆ ಕೆಲಸ ಸಿಗ್ತದೆ, ಫೀಸು ಮಾಫಿ ಆಗ್ತದೆ ಅಂತ ಕಾಗದದಲ್ಲಿ ತರಿಸಿಕೊಂಡಿದ್ದರು. ಹಾಗೆ ಬರೆಯಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ."

ದೀಕ್ಷಿತಾ ಅದನ್ನು ಬರೆದುಕೊಂಡು ಕೆಳಗೆ ಎರಡು ಗೀಟು ಎಳೆದಳು. ರೋನಿ ಒಳಗೆ ಹೋದ. ಹೆಡ್ ಆಫೀಸಿನಲ್ಲಿದೆ ಎಂದಿದ್ದ ನೀಲಿ ಫೈಲು ಅವನ ಬೀರುವಿನ ಕೆಳಗಿನ ಖಾನೆಯಿಂದಲೇ ಹೊರಬಂತು. ಒಂದು ಲಕ್ಷದ ಮಾತು ಯಾರೂ ಎತ್ತಲಿಲ್ಲ. ಕುಶಲಕ್ಕ ಒಂದೊಂದೇ ಹಾಳೆ ತಿರುಗಿಸಿ ನೋಡಿಕೊಂಡಳು, ಮಗಳ ಕೈಗೆ ಕೊಟ್ಟಳು. ಐವತ್ತು ಸಾವಿರ ಹೋದದ್ದು ಹೋಯಿತು.

ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಪುಷ್ಪಾವತಿಯ ಫೋನು ಬಂತು. ಸುದ್ದಿ ಕಾಪುವಿನವರೆಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ. ದನಿಯಲ್ಲಿ ಖುಷಿ ತುಳುಕುತ್ತಿತ್ತು. "ಅಮೆರಿಕ ಕ್ಯಾನ್ಸಲ್ ಆಯಿತಂತೆ ಅಲ್ವಾ ಅತ್ತಿಗೆ? ನಾನು ಆವಾಗಲೇ ಹೇಳಿರಲಿಲ್ಲವಾ?"

ಕುಶಲಕ್ಕ ಮಗಳ ಕಡೆ ನೋಡಿದಳು. ದೀಕ್ಷಿತಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ಫೈಲು ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನಲ್ಲಿ ಯಾರೋ ಒಬ್ಬ ಪ್ರೊಫೆಸರಿಗೆ ಆಗಲೇ ಬರೆಯುತ್ತಿದ್ದಳು.

"ಒಂದು ಕಾಲೇಜು ಕ್ಯಾನ್ಸಲ್ ಆಯಿತು ಪುಷ್ಪಾ" ಎಂದಳು ಕುಶಲಕ್ಕ ಮೆಲ್ಲಗೆ. "ಅವರು ಮಾಡಿದ್ದಲ್ಲ, ನಾವು ಮಾಡಿದ್ದು. ಹುಡುಗಿ ಹೋಗ್ತಾಳೆ."