ಒಂದರ ಗುಂಡಿ

ಮೊನ್ನೆ ಬ್ಲೌಸ್ ಹೊಲಿಸಲೆಂದು ದರ್ಜಿಯ ಅಂಗಡಿಗೆ ಹೋಗಿದ್ದೆ. ನಾನು ಅಳತೆಯ ಬ್ಲೌಸು ಕೊಡುವ ಹೊತ್ತಿಗೆ ಅವನು ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿ, ಉದ್ದ ಮೂತಿಯ ಡಬ್ಬಿಯಿಂದ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಬಂದ ಕೆಲಸವೇ ಮರೆತು ಹೋಯಿತು. ತೆಳುವಾದ, ತುಸು ಸಿಹಿಯಾದ, ಕಬ್ಬಿಣಕ್ಕೆ ಅಂಟಿಕೊಂಡ ಆ ಎಣ್ಣೆಯ ವಾಸನೆಯಲ್ಲೇ ನಾನು ಬೆಳೆದವಳು. ಧಾರವಾಡದ ಹೊಸಯಲ್ಲಾಪುರದಲ್ಲಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ ಬೆಳಗಾದರೆ ಊದುಬತ್ತಿಗಿಂತ ಮೊದಲು ಅದೇ ಏಳುತ್ತಿತ್ತು. ಅದರ ಜೊತೆಗೆ ರಿಬ್ಬನ್ನಿನ ಮಸಿ, ಕಾರ್ಬನ್ ಕಾಗದ, ಒಳಗಿನ ಒಲೆಯ ಮೇಲಿನ ಜೋಳದ ರೊಟ್ಟಿ. ‘ಯಾವಾಗ ಬೇಕ್ರಿ ಅಕ್ಕಾರ?’ ಎಂದು ದರ್ಜಿ ಎರಡು ಸಲ ಕೇಳಿದನಂತೆ. ನಾನು ಏನೋ ಹೇಳಿ ಹೊರಗೆ ಬಂದೆ. ಈ ವಯಸ್ಸಿನಲ್ಲಿ ಅಂಗಡಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುವುದು ನಾಚಿಕೆಯ ಮಾತೇ. ಆದರೆ ಇವತ್ತು ಹೇಳಹೊರಟ ನಾಚಿಕೆ ಅದಲ್ಲ.

ಆ ಪಡಸಾಲೆ ನನ್ನ ದೊಡ್ಡವ್ವನ ಟೈಪಿಂಗ್ ಶಾಲೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಅವನು ಬಿಟ್ಟುಹೋದ ಇಂಗ್ಲಿಷ್ ಟೈಪ್‌ರೈಟರುಗಳನ್ನು ಮಾರಿಬಿಡೋಣವೆಂದು ಮನೆಯವರೆಲ್ಲ ಅಂದಾಗ ಅವಳು ‘ನಾ ಕಲಸ್ತೇನಿ’ ಎಂದು ಸೆರಗು ಸಿಕ್ಕಿಸಿ ನಿಂತಳಂತೆ. ಹಾಗೆ ನಿಂತವಳು ಊರಿನ ಅರ್ಧ ಕಚೇರಿಗಳಿಗೆ ಟೈಪಿಸ್ಟರನ್ನು ತಯಾರು ಮಾಡಿ ಕಳಿಸಿದಳು. ಸಂತೆಗೆ ಹೋದರೆ ‘ಟೈಪಿಂಗ್ ಬಾಯಾರು ಬಂದ್ರು’ ಎಂದು ಶಾಲೆಯ ಟೀಚರಿಗೆ ಏಳುವಂತೆ ಕಾಯಿಪಲ್ಲೆಯವರೂ ಎದ್ದು ನಿಲ್ಲುತ್ತಿದ್ದರು. ಅವಳ ಶಾಲೆಗೆ ಒಂದೇ ಕಟ್ಟಳೆ: ಗುಂಡಿಗಳನ್ನು ನೋಡಬಾರದು. ಹೊಸಬರು ಬಗ್ಗಿ ನೋಡಿದರೆ ಅವರ ಕೈಗಳ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಆ ಗದ್ದಲದೊಳಗಿನ ಒಂದು ತಪ್ಪು ಸದ್ದು ಹೆಕ್ಕಿ, ‘ಏ ಕಿಡಕಿ ಕಡೇ ಮಷೀನಿನಾಂವಾ, ನಿನ್ನ ಎಡಗೈ ಕಿರುಬಟ್ಟು ಮಲಗೇತಿ ನೋಡು, ಎಬ್ಬಸು!’ ಎಂದು ಕೂಗುತ್ತಿದ್ದಳು. ಪಡಸಾಲೆಗೆ ಪಡಸಾಲೆಯೇ ನಗುತ್ತಿತ್ತು. ನನಗೆ ಆ ಖಟಖಟ ಸದ್ದಿಲ್ಲದೆ ನಿದ್ದೆಯೇ ಬರುತ್ತಿರಲಿಲ್ಲ, ರವಿವಾರ ಶಾಲೆಗೆ ಸೂಟಿ ಇದ್ದಾಗ ಮನೆ ಕಿವುಡಾದಂತೆ ಆಗುತ್ತಿತ್ತು.

ಆ ಮನೆಗೆ ಕಂಪ್ಯೂಟರು ತಂದವನು ಮಲ್ಲು ಕಾಕಾ, ಅಪ್ಪನ ತಮ್ಮ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಹೊಸ ಕಂಪ್ಯೂಟರು ಬಂದಾಗ ಹಳೆಯದೊಂದನ್ನು ಕೇಳಿಕೊಂಡು, ಆಟೋದಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಕಾಲದ್ದು ಇದ್ದಿದ್ದರೆ ಹೇಳಬೇಕಾಗಿಯೇ ಇಲ್ಲ. ಚಪ್ಪಲಿ ಹೊರಗೆ. ಹೂವಿನ ಅಂಚಿನ ಹೊದಿಕೆ, ಅವ್ವನೇ ಹೊಲಿದದ್ದು. ಸ್ಟೆಬಿಲೈಜರಿನ ಗುಂಯ್ ಸದ್ದು. ಗುಂಡಿ ಒತ್ತಿದರೆ ಫ್ಲಾಪಿಯ ಪೆಟ್ಟಿಗೆ ಗರ್ರ್ ಗರ್ರ್ ಎಂದು ಗಂಟಲು ಸರಿಮಾಡಿಕೊಂಡು, ಕೊನೆಗೆ ಕರಿಯ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಮಿಟುಕತೊಡಗುತ್ತಿತ್ತು. ಅಷ್ಟೇ. ಬಾ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಿರಲಿಲ್ಲ. ‘ಇದು ಯಾಕ ಸುಮ್ನ ಕುಂತೈತೋ?’ ಎಂದು ಮೊದಲ ದಿನ ದೊಡ್ಡವ್ವ ಕೇಳಿದಳು. ‘ನೀವು ಹೇಳೂದನ್ನ ಕಾಯಾಕತ್ತೈತ್ರಿ ವೈನಿ’ ಎಂದು ಕಾಕಾ ಅತ್ತಿಗೆಗೆ ಹೇಳಿದ. ಅವಳಿಗೆ ಅದು ಬಹಳ ಹಿಡಿಸಿತು. ‘ಇಷ್ಟು ತಾಳ್ಮಿ ಇದ್ದ ವಿದ್ಯಾರ್ಥಿ ನಮ್ಮ ಸಾಲ್ಯಾಗ ಒಬ್ಬಾಂವನೂ ಇಲ್ಲ ನೋಡು’ ಎಂದಳು. ಗುಂಡಿಗಳ ಜಾಗ ಟೈಪ್‌ರೈಟರಿನ ಹಾಗೆಯೇ ಇದ್ದುದರಿಂದ ಅವಳ ಕೈ ಮರುದಿನವೇ ಅದರ ಮೇಲೆ ಓಡಿತು. ನೋಡದೆಯೇ, ಎಂದಿನಂತೆ. ಬರುವ ದಸರೆಗೆ ಪಡಸಾಲೆಯ ಅರ್ಧದಲ್ಲಿ ಕಂಪ್ಯೂಟರ್ ಕ್ಲಾಸು ತೆಗೆಯುವುದೆಂದು ಕಾಕಾ ಬೋರ್ಡು ಬರೆಯಲು ಕೊಟ್ಟ. ಬೋರ್ಡಿನ ಕೆಳಗೆ, ‘ಕಂಪ್ಯೂಟರ್ ಎಂದೂ ತಪ್ಪು ಮಾಡುವುದಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಸಿದ.

ನಾನು ಓದುತ್ತಿದ್ದ ಶಾಲೆಯ ಹೆಡ್‌ಬಾಯಾರು ಆ ವರ್ಷ ಏಳನೆಯ ಇಯತ್ತೆಯ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಿಸೋಣವೆಂದು ನಮ್ಮ ಮನೆಗೆ ಕಳಿಸಿದರು. ನಾನು ಅದೇ ಇಯತ್ತೆಯಲ್ಲಿದ್ದೆ. ಮೊದಲು ಬಂದವರ ಹೆಸರನ್ನು ಶಾಲೆಯ ಸಭಾಗೃಹದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುವ ರೂಢಿ ಇತ್ತು. ಆ ಸಲ ಅಲ್ಲಿ ಏರುವ ಹೆಸರು ಕಸ್ತೂರಿಯದೆಂದು ಗೋಡೆಗೂ ಗೊತ್ತಿತ್ತು. ದಿನಾ ಗರಗ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಅವಳ ಅವ್ವ ಅಲ್ಲಿ ಖಾದಿ ನೂಲುತ್ತಿದ್ದಳು. ನನ್ನ ಪಕ್ಕದಲ್ಲೇ ಕೂರುತ್ತಿದ್ದಳು, ನನ್ನ ಲೆಕ್ಕಗಳನ್ನೂ ಅವಳೇ ಮಾಡಿಕೊಡುತ್ತಿದ್ದಳು. ಕಾಕಾ ತಾನೇ ಒಂದು ಪ್ರೋಗ್ರಾಮ್ ಬರೆದ. ‘ವೈನಿ, ನೀವು ಬರೇ ಹೊಡದು ಕೊಡ್ರಿ. ಕೂಡ್ಸೂದು, ಮ್ಯಾಲ ಕೆಳಗ ಹೊಂದ್ಸೂದು ಎಲ್ಲಾ ಅದ ಮಾಡತೈತಿ’ ಎಂದ. ದೊಡ್ಡವ್ವ ಕೂತ ಕೂತಲ್ಲೇ ಹೊಡೆದು ಮುಗಿಸಿದಳು. ಪ್ರಿಂಟರು ಕಿರ್ರೋ ಎಂದು ಕಿರುಚುತ್ತ, ಎರಡೂ ಕಡೆ ತೂತುಗಳಿದ್ದ ಕಾಗದವನ್ನು ಉಗುಳಿತು. ಎಲ್ಲಕ್ಕಿಂತ ಮೇಲೆ ನನ್ನ ಹೆಸರಿತ್ತು.

ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಪಟ್ಟಿ ಶಾಲೆಯ ಗೋಡೆಗೆ ಅಂಟಿತು. ನಾನೇನು ಮಾಡಿದೆ ಕೇಳಿ: ಜಡೆಗೆ ಹೊಸ ರಿಬ್ಬನ್ನು ಕಟ್ಟಿಸಿಕೊಂಡು ಆ ಪಟ್ಟಿಯ ಮುಂದೆ ಕಾರಣವಿಲ್ಲದೆ ಅಡ್ಡಾಡಿದೆ. ಕಸ್ತೂರಿಯ ಹೆಸರು ಎಲ್ಲೋ ಕೆಳಗಿತ್ತು. ಅವಳು ಅದನ್ನು ನೋಡಿ ಬಸ್ಸಿಗೆ ಹೋದಳು. ಮನೆಯಲ್ಲಿ ಖುಷಿಪಡದವಳು ದೊಡ್ಡವ್ವ ಒಬ್ಬಳೇ. ಸಂಜೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ‘ಏನವಾ, ಆ ಗರಗದ ಹುಡುಗಿಗೆ ಪರೀಕ್ಷಾದಾಗ ಆರಾಮಿರಲಿಲ್ಲೇನ?’ ಎಂದು ಕೇಳಿದಳು. ನಾನು ಮುಖ ಊದಿಸಿಕೊಂಡೆ. ‘ಸಿಟ್ಟಾಗಬ್ಯಾಡ ಕೂಸ. ನೀ ಜಾಣಿ ಖರೇ, ಆದ್ರ ಇಷ್ಟು ಜಾಣಿ ಅಲ್ಲ’ ಎಂದು ನನ್ನ ಗಲ್ಲ ಸವರಿ, ಮನೆಯಲ್ಲಿ ಉಳಿದಿದ್ದ ಪ್ರತಿ ತೆಗೆದು ಪೆನ್ಸಿಲಿನಿಂದ ಕೂಡಿಸಲು ಕೂತಳು.

ಕಸ್ತೂರಿಗೆ ಗಣಿತದಲ್ಲಿ ತೊಂಬತ್ತೊಂದು ಬಂದಿತ್ತು. ಕಾಗದದ ಮೇಲೂ ಹಾಗೆಯೇ ಇತ್ತು. ಆದರೆ ಯಂತ್ರ ಅದನ್ನು ಬರೀ ಒಂಬತ್ತೆಂದು ಹಿಡಿದು ಕೂಡಿಸಿತ್ತು. ಎಂಬತ್ತೊಂದು ಎಂಟಾಗಿತ್ತು. ಯಾರ ಅಂಕದಲ್ಲಿ ಒಂದು ಇತ್ತೋ ಅವರೆಲ್ಲರ ಮೊತ್ತ ಕೆಟ್ಟಿತ್ತು. ನನ್ನ ಅಂಕಗಳಲ್ಲಿ ಒಂದು ಎಂಬುದೇ ಇರಲಿಲ್ಲ, ನನ್ನ ದೊಡ್ಡಸ್ತಿಕೆಯೆಲ್ಲ ಅಷ್ಟೇ. ಕಾಕಾ ಬಂದು ನೋಡಿ ಪೆಚ್ಚಾದ. ‘ವೈನಿ, ನೀವು ಒಂದು ಇರೋ ಕಡೆ ಎಲ್ಲಾ ಇಂಗ್ಲಿಷಿನ ಎಲ್ ಅಕ್ಷರ ಹೊಡದೀರಲ್ರಿ!’ ಎಂದ. ದೊಡ್ಡವ್ವ ಅವನ ಮುಖವನ್ನೇ ನೋಡಿದಳು. ‘ಮತ್ತ ಒಂದಕ್ಕ ಎಲ್ ಅಲ್ಲದ ಇನ್ನೇನ ಹೊಡೀತಾರೋ?’ ಎಂದಳು. ಅವಳು ಕೇಳಿದ್ದು ಸರಿಯೇ ಇತ್ತು. ನಮ್ಮ ಹಳೆಯ ಟೈಪ್‌ರೈಟರುಗಳಲ್ಲಿ ಒಂದರ ಗುಂಡಿಯೇ ಇರಲಿಲ್ಲ. ಅಂಕಿಗಳ ಸಾಲು ಎರಡರಿಂದ ಶುರುವಾಗುತ್ತಿತ್ತು. ಸಣ್ಣ ಎಲ್ ನೋಡಲು ಒಂದರ ಹಾಗೆಯೇ ಇರುವುದರಿಂದ ಎಲ್ಲರೂ ಅದನ್ನೇ ಹೊಡೆಯುತ್ತಿದ್ದರು, ಅವಳೂ ಎಲ್ಲರಿಗೂ ಅದನ್ನೇ ಕಲಿಸಿದ್ದಳು. ಕಾಗದ ಓದುವವರ ಕಣ್ಣಿಗೆ ಅದು ಒಂದಾಗಿಯೇ ಕಾಣುತ್ತಿತ್ತು. ಯಂತ್ರಕ್ಕೆ ಅದು ಅಕ್ಷರವಾಗಿತ್ತು, ಅದು ಬಂದಲ್ಲಿಗೆ ಓದುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಕಾಕಾ ಅವಳ ಬೆರಳು ಹಿಡಿದು ಎಡತುದಿಯ ಒಂದರ ಗುಂಡಿಯ ಮೇಲೆ ಇಟ್ಟ. ಅವಳು ಮೊದಲ ಸಲ ಬಗ್ಗಿ ಗುಂಡಿಗಳನ್ನು ನೋಡಿದಳು. ‘ಅಯ್ಯ ಶಿವನ, ಇದು ಇಲ್ಲೇ ಐತೇನ?’ ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಮರುದಿನ ಬೆಳಿಗ್ಗೆ, ಶಾಲೆಗೆ ಹೋಗಿ ಹೇಳಿ ಬರುತ್ತೇನೆಂದು ಅವಳು ಎದ್ದಾಗ ಕಾಕಾ ಬಾಗಿಲಿಗೆ ಅಡ್ಡ ನಿಂತ. ‘ಹೇಳಬ್ಯಾಡ್ರಿ ಅನ್ನೂದಿಲ್ಲ ವೈನಿ. ಆದ್ರ ಕಂಪ್ಯೂಟರ್ ತಪ್ಪು ಕೂಡಿಸ್ತು ಅಂತ ಊರಾಗ ಸುದ್ದಿ ಆದ್ರ ನಮ್ಮ ಕ್ಲಾಸಿಗೆ ಯಾರು ಬರ್ತಾರ್ರಿ?’ ಅಪ್ಪ ಅಲ್ಲೇ ಕೂತಿದ್ದ, ಅವ್ವ ಅಡುಗೆಮನೆಯ ಬಾಗಿಲಲ್ಲಿದ್ದಳು. ದೊಡ್ಡವ್ವ ಎಲ್ಲರ ಮುಖ ಒಂದು ಸಲ ನೋಡಿ, ‘ಮಷೀನಿಂದು ತಪ್ಪು ಅಂತ ನಾ ಎಲ್ಲೆ ಅಂದೆ? ನಂದ ತಪ್ಪು ಅಂತೀನಿ, ಬಿಡೋ’ ಎಂದು ನನ್ನ ಕೈ ಹಿಡಿದು ಹೊರಟಳು. ಹೆಡ್‌ಬಾಯಾರ ಕೋಣೆಯಲ್ಲಿ ಅವಳು ನಿಂತೇ ಹೇಳಿದಳು, ಕೂರಲು ಹೇಳಿದರೂ ಕೂರಲಿಲ್ಲ. ‘ನನ್ನ ಕೈಬೆರಳಿಂದು ತಪ್ಪಾತ್ರಿ. ಕಸ್ತೂರಿ ಮೊದಲನೇದಾಕಿ.’ ಮೂಲೆಯಲ್ಲಿದ್ದ ಕಾರಕೂನ ನಕ್ಕ. ‘ತಪ್ಪಾಗೂದು ಆಗ್ಲಿ ಬಿಡ್ರಿ ಬಾಯಾರ. ಬರೋಬ್ಬರಿ ನಿಮ್ಮನಿ ಹುಡುಗೀನ ಮೊದಲ ಬರೂಹಂಗ ತಪ್ಪಾಗೇತಲ್ಲ, ಅದು ಚಂದ!’ ಎಲ್ ಎಂದರೇನು, ಒಂದೆಂದರೇನು ಎಂದು ಅವಳು ವಿವರಿಸಬಹುದಿತ್ತು. ವಿವರಿಸಿದರೆ ಕಾಕಾನ ಯಂತ್ರದ ಮಾತೂ ಬರುತ್ತಿತ್ತು. ಅವಳು ತಲೆ ತಗ್ಗಿಸಿ, ಹೊಸ ಪಟ್ಟಿ ಟೈಪ್‌ರೈಟರಿನಲ್ಲಿ ಹೊಡೆದು ತಂದುಕೊಡುತ್ತೇನೆಂದಳು. ಟೈಪಿಂಗ್ ಬಾಯಾರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

ಹಲಗೆಯ ಮೇಲೆ ಕಸ್ತೂರಿಯ ಹೆಸರು ಏರಿತು, ನನ್ನದು ಪಟ್ಟಿಯಲ್ಲಿ ನಾಲ್ಕೈದು ಸಾಲು ಕೆಳಗಿನ ತನ್ನ ಹಳೆಯ ಜಾಗಕ್ಕೆ ಹೋಯಿತು. ಕಸ್ತೂರಿ ಮಾತ್ರ, ‘ನಿಮ್ಮ ದೊಡ್ಡವ್ವ ಭಾಳ ಛಲೋ ಅದಾರ’ ಎಂದು ತನ್ನ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಯ ಮೇಲೆ ಹಾಕಿದಳು. ಊರು ಹಾಗೆ ಅನ್ನಲಿಲ್ಲ. ಟೈಪಿಂಗ್ ಬಾಯಿ ಮನೆಯ ಹುಡುಗಿಯನ್ನು ಮೇಲೆ ಹತ್ತಿಸಲು ಹೋಗಿ ಸಿಕ್ಕಿಬಿದ್ದಳು ಎಂಬ ಮಾತು ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ ನಮ್ಮನ್ನು ಕಂಡು ನಿಲ್ಲುತ್ತಿತ್ತು. ಕಾಕಾನ ಕ್ಲಾಸು ದಸರೆಗೆ ಶುರುವಾಗಿ ಗಿಜಿಗುಟ್ಟಿತು. ಕಲಿಯಲು ಬಂದವರಿಗೆ ಅವನು ‘ತಪ್ಪು ಮಾಡೋರು ಮನಷ್ಯಾರು, ಕಂಪ್ಯೂಟರ್ ಅಲ್ಲ’ ಎಂದು ಹೇಳಿಕೊಡುತ್ತಿದ್ದ. ರೊಟ್ಟಿ ತಟ್ಟುವ ಸದ್ದು ಅಡುಗೆಮನೆಯಿಂದ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ಟೈಪ್‌ರೈಟರುಗಳು ಒಂದೊಂದಾಗಿ ಅಟ್ಟ ಸೇರಿದವು, ಎಣ್ಣೆಯ ವಾಸನೆ ಗೋಡೆಯಿಂದಲೂ ಹೋಯಿತು. ಮಧ್ಯಾಹ್ನ ಕ್ಲಾಸು ಖಾಲಿ ಇದ್ದಾಗ ಅವಳು ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಎಡಗೈ ಕಿರುಬೆರಳನ್ನು ಚಾಚಿ ಚಾಚಿ ಒಂದನ್ನೇ ಹೊಡೆಯುತ್ತಿದ್ದಳು. ಕರಿಯ ಪರದೆ ತುಂಬ ಹಸಿರು ಒಂದುಗಳು. ಆಮೇಲೆ ಎಲ್ಲ ಅಳಿಸಿ, ಹೊದಿಕೆ ಹೊದಿಸಿ, ಅಕ್ಕಿ ಆರಿಸಲು ಹೋಗುತ್ತಿದ್ದಳು.

ನಾನೂ ಮುಂದೆ ಅದೇ ವಿದ್ಯೆ ಕಲಿತೆ. ಈಗ ಕಾಕಾ ಕೆಲಸಕ್ಕಿದ್ದ ಗೋಕುಲ ರಸ್ತೆಯಲ್ಲೇ ಒಂದು ಆಫೀಸಿನಲ್ಲಿ ದಿನವಿಡೀ ಪರದೆಯ ಮುಂದೆ ಕೂರುತ್ತೇನೆ. ಪ್ರೋಗ್ರಾಮ್ ಬರೆಯುವವರಿಗೆ ಮೊದಮೊದಲೇ ಹೇಳಿಕೊಡುವ ಮಾತೊಂದಿದೆ: ಕೊಟ್ಟದ್ದು ಅಂಕಿಯೋ ಅಕ್ಷರವೋ ನೋಡಿ ತೆಗೆದುಕೊಳ್ಳಬೇಕು, ಅಲ್ಲದಿದ್ದರೆ ನಿಲ್ಲಿಸಿ ಕೇಳಬೇಕು. ಒಂದು ಸಾಲಿನ ಕೆಲಸ. ಅದನ್ನು ಕಲಿತ ದಿನ ಮನೆಗೆ ಬಂದು ಕಾಕಾನಿಗೆ ಹೇಳಿದೆ. ಅವನು ಬಹಳ ಹೊತ್ತು ಕನ್ನಡಕ ಒರೆಸಿದ. ‘ಗೊತ್ತೈತವಾ. ನನಗ ಅವತ್ತ ಗೊತ್ತಾಗಿತ್ತು’ ಎಂದ. ತಪ್ಪು ಅವಳ ಬೆರಳಿನದಲ್ಲ, ಆ ಒಂದು ಸಾಲು ಬರೆಯದ ತನ್ನ ಪ್ರೋಗ್ರಾಮಿನದು ಎಂದು ಅವನು ಅವಳಿಗೆ ಹೇಳಲಿಲ್ಲ. ಅಪ್ಪ ಹೇಳಲಿಲ್ಲ. ಓದಿದ ನಾನೂ ಹೇಳಲಿಲ್ಲ. ಕಾಕಾನ ಮುಖ ಉಳಿಸಬೇಕಿತ್ತು, ಆಮೇಲೆ ಹಳೆಯದನ್ನು ಯಾಕೆ ಕೆದಕಬೇಕೆನಿಸಿತು, ಆಮೇಲೆ ರೂಢಿಯಾಯಿತು. ಇಡೀ ಮನೆ ಅವಳ ಕೈಯ ರೊಟ್ಟಿ ತಿನ್ನುತ್ತ ಸುಮ್ಮನಿತ್ತು.

ಈಗಿನ ಕಂಪ್ಯೂಟರುಗಳ ಮೇಲೆ ನನಗೆ ಮುನಿಸಿದೆ, ಬಚ್ಚಿಡುವುದಿಲ್ಲ. ಹೇಳುವುದನ್ನು ಕಾಯುವ ತಾಳ್ಮೆ ಇವಕ್ಕಿಲ್ಲ, ನಾನೇನು ಬರೆಯಬೇಕೆಂದು ತಾವೇ ಊಹಿಸಿ ಬಾಯಿಗೆ ತುರುಕುತ್ತವೆ. ಕೆಲಸದ ಗಡಿಬಿಡಿಯಲ್ಲೇ ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂದು ಅಡ್ಡ ಮಲಗುತ್ತವೆ. ಬೆರಳಿಗೆ ರೂಢಿಯಾದದ್ದನ್ನು ಹೊಸ ಆವೃತ್ತಿ ಬಂದಾಗೆಲ್ಲ ಬೇರೆ ಕಡೆ ಎತ್ತಿಡುತ್ತವೆ, ದೊಡ್ಡವ್ವ ಇದ್ದಿದ್ದರೆ ಟವೆಲ್ ಹೊದಿಸಿ ಕಲಿಸುವುದಾದರೂ ಹೇಗೆ? ಆದರೆ ಒಂದು ಮಾತು ಒಪ್ಪಬೇಕು. ಏನಾದರೂ ಕೆಟ್ಟರೆ ಇವು ಅಚ್ಚ ಕನ್ನಡದಲ್ಲಿ, ‘ಕ್ಷಮಿಸಿ, ಏನೋ ತಪ್ಪಾಗಿದೆ’ ಅನ್ನುತ್ತವೆ. ದಿನಕ್ಕೆ ಎಷ್ಟೋ ಸಲ, ಯಾರಿಗೆ ಬೇಕಾದರೂ. ಅದನ್ನು ಓದಿದಾಗೆಲ್ಲ ನನ್ನ ಮುಖ ಬಿಸಿಯಾಗುತ್ತದೆ. ಆತ್ಮವಿಲ್ಲದ ಪೆಟ್ಟಿಗೆಗೆ ಇಷ್ಟು ಸಲೀಸಾಗಿ ಬರುವ ಮಾತು ನಮ್ಮ ಮನೆಯಲ್ಲಿ ಅಷ್ಟು ಜನರಿದ್ದೂ ಒಬ್ಬರ ಬಾಯಿಂದಲೂ ಬರಲಿಲ್ಲ.

ಕೊನೆಯ ದಿನಗಳಲ್ಲಿ ದೊಡ್ಡವ್ವನಿಗೆ ಮಾತು ನಿಂತಿತ್ತು, ಬೆರಳು ನಿಂತಿರಲಿಲ್ಲ. ಕಣ್ಣು ಮುಚ್ಚಿ ಮಲಗಿ ಚಾದರಿನ ಮೇಲೆ ಏನನ್ನೋ ಹೊಡೆಯುತ್ತಲೇ ಇರುತ್ತಿದ್ದಳು. ಇವತ್ತು ಹೇಳಿಯೇಬಿಡಬೇಕೆಂದು ನಾನು ಪಕ್ಕಕ್ಕೆ ಕೂತೆ. ‘ದೊಡ್ಡವ್ವಾ’ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಕೈಗಳು ಒಂದೇ ಲಯದಲ್ಲಿ ಓಡುತ್ತಿದ್ದವು, ಆ ಪಡಸಾಲೆಯಲ್ಲಿ ಓಡುತ್ತಿದ್ದ ಹಾಗೆಯೇ. ನಡುವೆ ಒಂದು ಕಡೆ, ಎಲ್ ಇರುವಲ್ಲಿಗೆ ಬಲಗೈ ಉಂಗುರಬೆರಳು ಇಳಿಯಲು ಹೋಗಿ, ಅರ್ಧಕ್ಕೇ ಹೆದರಿದಂತೆ ನಿಂತಿತು. ತುಸು ತಡೆದು ಎಡಗೈಯ ಕಿರುಬೆರಳು ಮೇಲಕ್ಕೆ ಚಾಚಿ, ಚಾದರಿನ ಮೇಲೆ ಒಂದನ್ನು ಒತ್ತಿತು. ನಾನು ಆ ಬೆರಳನ್ನು ಹಿಡಿದುಕೊಂಡೆ. ಹೇಳಬೇಕೆಂದಿದ್ದ ಮಾತು ಬರಲೇ ಇಲ್ಲ.