ಓನರ್ ಹಿಮ್ಮಡಿಗೆ ಬಾಯಿ ಹಾಕಿದ ಮಿಂಚು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬಾರ್ಡರ್ ಕಾಲಿ ನಾಯಿ ಮಿಂಚು, ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಓನರ್ ಗೌಡರ ಹಿಮ್ಮಡಿಗೆ ಬಾಯಿ ಹಾಕಿತು. ರಕ್ತ ಬರಲಿಲ್ಲ, ಆದರೆ ನನ್ನ ಜೀವ ಬಾಯಿಗೆ ಬಂತು. ಗೌಡರ ಮೂವರು ಮೊಮ್ಮಕ್ಕಳನ್ನು ಅದು ಆಗಲೇ ಸುತ್ತುಹಾಕಿ ಗೇಟಿನ ಮೂಲೆಯಲ್ಲಿ ಗುಂಪು ಸೇರಿಸಿತ್ತು. ಈಗ ಅಜ್ಜನನ್ನೂ ಅಲ್ಲಿಗೇ ತಳ್ಳುತ್ತಿತ್ತು.

"ಸಾರ್, ತಪ್ಪಾಯ್ತು. ಇದನ್ನ ಬೇರೆ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದೆ.

ಗೌಡರು ನಕ್ಕುಬಿಟ್ಟರು. "ಯಾಕ್ರೀ ಕೊಡ್ತೀರಾ? ಇದು ಕುರಿ ಕಾಯೋ ಜಾತಿ ನಾಯಿ. ಕಚ್ಚಿಲ್ಲ, ನಮ್ಮನ್ನ ಕುರಿ ಅಂದ್ಕೊಂಡಿದೆ. ನಮ್ಮಪ್ಪ ಊರಲ್ಲಿ ಕುರಿ ಸಾಕಿದ್ರು, ನಂಗೊತ್ತು. ದಿನಾ ಎಷ್ಟು ಓಡಿಸ್ತೀರಾ?"

"ಬೀದಿ ಕೊನೇವರೆಗೆ ಹೋಗ್ಬರ್ತೀವಿ ಸಾರ್."

"ಅಷ್ಟೇನಾ? ಇಂಥ ನಾಯಿಗೆ ಊಟದಷ್ಟೇ ಕೆಲಸಾನೂ ಬೇಕು. ಇಲ್ಲಾಂದ್ರೆ ಸಿಕ್ಕಿದವರನ್ನೆಲ್ಲ ಮೇಯಿಸೋಕೆ ಹೊರಡುತ್ತೆ. ಬನ್ನಿ, ಮೈದಾನಕ್ಕೆ ಹೋಗೋಣ."

ಒಂದು ಗಂಟೆ ಚೆಂಡು ಎಸೆದು ಎಸೆದು ಓಡಿಸಿದೆವು. ಇದನ್ನು ಬರೆಯುವಾಗ ಮಿಂಚು ನನ್ನ ಕಾಲ ಬಳಿ ಗೊರಕೆ ಹೊಡೆಯುತ್ತಿದೆ. ನಾವು ಸಾಕಲು ತಂದ ಮೇಲೆ ಅದು ಇಷ್ಟು ನೆಮ್ಮದಿಯಾಗಿ ಮಲಗಿದ್ದು ಇದೇ ಮೊದಲು.

ನಾಳೆಯಿಂದ ಐದೂವರೆಗೆಲ್ಲ ಬಾಗಿಲು ತಟ್ಟುತ್ತೇನೆ ಎಂದಿದ್ದಾರೆ ಗೌಡರು. ಬೇಡ ಎನ್ನಲು ಬಾಡಿಗೆದಾರನಿಗೆ ಎಲ್ಲಿಯ ಧೈರ್ಯ!