ಎರಡು ಬೆರಳು ಆಳ

ಎರಡು ಬೆರಳು ಆಳ ಕೆದರಿದ್ದೇನೆ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಸಂಪಗಾಂವದ ಆ ಹಳೆಯ ವಾಡೆ ಮನೆಯ ಇಟ್ಟಂಗಿ ಗೋಡೆಯ ಸಂದುಗಳು ಒಂದೇ ಮಳೆಗಾಲಕ್ಕೆ ಉದುರಿದ್ದು ನೀವು ಕಲಸಿದ ಸುಣ್ಣದ ಗಚ್ಚಿನಿಂದಲ್ಲ, ನನ್ನಿಂದ. ಹೆಂಡತಿಯಾದವಳು ಗಂಡನಿಗೆ ಹೇಳಲೇಬೇಕಿದ್ದ ಈ ಮಾತನ್ನು ಆರು ವರ್ಷ ನುಂಗಿಕೊಂಡಿದ್ದೆ. ಈಗ ನೀವಿಲ್ಲ — ಬರೆಯುತ್ತಿದ್ದೇನೆ.

ಆ ದಿನ ಎಲ್ಲ ದಿನಗಳಂತೆಯೇ ಇತ್ತು. ಬೈಲಹೊಂಗಲದಲ್ಲಿ ಮೊದಲ ಬಸ್ಸು ಹತ್ತಿದ್ದೆವು. ನೀವು ವಾಡೆಯಂಗಳದ ಬೇವಿನ ನೆರಳಿನಲ್ಲಿ ಕುಳಿತು ಸುಣ್ಣ, ಉಸುಕು ಕಲಸುತ್ತಿದ್ದಿರಿ. ಕಣ್ಣಿಗೆ ಪೊರೆ ಬಂದ ಮೇಲೆ ನೀವು ಸಾರುವೆಯ ಹಲಗೆ ಏರುವುದನ್ನು ಬಿಟ್ಟಿದ್ದಿರಿ. ಹಳೆಯ ಗಚ್ಚು ಕೆದರಿ ಹೊಸದು ತುಂಬುವ ಕೆಲಸ ನನಗೆ ಬಂದಿತ್ತು. ಆದರೂ ಜನ ಕರೆಯುತ್ತಿದ್ದದ್ದು ನಿಮ್ಮ ಹೆಸರಿಗೆ. ಸವದತ್ತಿಯಿಂದ ಕಿತ್ತೂರಿನವರೆಗೆ ಹಳೆಯ ಇಟ್ಟಂಗಿ ಗೋಡೆ ಎಂದರೆ ನಿಮ್ಮನ್ನೇ ಕೇಳಿಕೊಂಡು ಬರುತ್ತಿದ್ದರು.

ಕೆಲಸಕ್ಕೆ ಮೊದಲು ರೊಟ್ಟಿ ತಿನ್ನುವಾಗ ಹೇಳಿದಿರಿ, “ನೋಡ ನೀಲಾ, ನನ್ನ ಗಚ್ಚು ನಿನ್ನ ಅಂಬಲಿಗಿಂತ ಹದಾ ಐತಿ.”

“ಹಂಗಾರ ಮಧ್ಯಾಹ್ನ ಅದನ್ನ ಕುಡೀರಿ,” ಎಂದೆ. ಎಷ್ಟು ನಕ್ಕಿರಿ!

ನೆಲದ ಮೇಲೆ ನಿಂತೇ ಮೊದಲ ಎರಡು ಸಾಲನ್ನು ಸರಿಯಾಗಿಯೇ ಕೆದರಿದೆ. ಮೂರನೆಯದರಲ್ಲಿ ಉಳಿ ಜಾರಿ ಇಟ್ಟಂಗಿಯ ಅಂಚು ಒಡೆಯಿತು. ವಾಡೆಯ ಹಿರಿಯಮ್ಮ ನೋಡಿಬಿಟ್ಟರು.

“ಏನವಾ, ಗ್ವಾಡಿ ರಿಪೇರಿ ಮಾಡಾಕ ಬಂದೀಯೋ, ಕೆಡವಾಕೋ? ನಮ್ಮ ಮಾವನವರು ಕಟ್ಟಿಸಿದ್ದಿದು. ಇನ್ನೊಂದ ಒಡದರ ನಿಮ್ಮ ಗಂಟು ಕಟ್ಟ್ರಿ.”

ನೀವು ಬೇವಿನ ಕೆಳಗಿನಿಂದ ಏನಾಯಿತೆಂದು ಕೂಗಿದಿರಿ. ಏನೂ ಇಲ್ಲ ಎಂದೆ. ಆ ಮೇಲೆ ಕೈ ಹೆದರಿತು. ಉಗುರಿನಷ್ಟು ಕೆರೆದೆ, ಮುಂದಿನದಕ್ಕೆ ಹೋದೆ — ಹಾಗೆಯೇ ಇಡೀ ಗೋಡೆ. ಮೇಲ್ನೋಟಕ್ಕೆ ಎಲ್ಲ ಸಂದೂ ಒಂದೇ ಥರ ಕಾಣುತ್ತಿದ್ದವು.

ಸಂಜೆ ನೀವು ಗೋಡೆ ಹಿಡಿದುಕೊಂಡು ಬಂದಿರಿ. ಕಣ್ಣು ಮಂಜಾದ ಮೇಲೆ ಸಂದಿಯಲ್ಲಿ ಬೆರಳಿಟ್ಟು ನೋಡುವುದು ನಿಮ್ಮ ರೂಢಿ.

“ಎರಡ ಬೆರಳ ಆಳ ಕೆದರೀಯೇನ?”

“ಹೂಂ ರೀ, ಎರಡ ಬೆರಳು.”

ಅಷ್ಟಕ್ಕೇ ನಿಂತಿದ್ದರೆ... ನಿಲ್ಲಲಿಲ್ಲ. ನಿಮ್ಮ ಕೈ ಹಿಡಿದು, ಬೆಳಿಗ್ಗೆ ಸರಿಯಾಗಿ ಕೆದರಿದ್ದ ಸಾಲಿಗೇ ಒಯ್ದೆ. ನೀವು ಬೆರಳಿಟ್ಟಿರಿ. “ಹೂಂ, ತುಂಬು,” ಎಂದಿರಿ. ನಿಮ್ಮ ಕೈ ಹಿಡಿದಿದ್ದ ನನ್ನ ಕೈಯನ್ನು ನೀವು ಒಂದಿಷ್ಟೂ ಅನುಮಾನಿಸಲಿಲ್ಲ.

ಮರುದಿನ ತುಂಬಿ ಮುಗಿಸಿದಾಗ ಬುಟ್ಟಿಗಟ್ಟಲೆ ಗಚ್ಚು ಉಳಿಯಿತು. “ಇಷ್ಟ್ಯಾಕ ಉಳೀತ?” ಎಂದು ಬೆರಗಾದಿರಿ. ಆಗಲೂ ಹೇಳಬಹುದಿತ್ತು. “ನೀವ ಹೆಚ್ಚ ಕಲಸೀರಿ” ಎಂದೆ. ನಿಮ್ಮ ಅಳತೆಯ ಮೇಲೆ ನಿಮಗೇ ಅನುಮಾನ ಹುಟ್ಟಿಸಿದವಳು ನಾನು.

ಕೆಲಸ ಕಲಿಸುವಾಗ ನೀವೇ ಹೇಳಿದ್ದಿರಿ. ಆಳವಿಲ್ಲದ ಸಂದಿಯಲ್ಲಿ ಹೊಸ ಗಚ್ಚಿಗೆ ಕಚ್ಚಿಕೊಳ್ಳಲು ಜಾಗವಿರುವುದಿಲ್ಲ. ತೆಳುವಾಗಿ ಹಚ್ಚಿದ್ದರ ನೀರನ್ನು ಇಟ್ಟಂಗಿಯೂ ಬಿಸಿಲೂ ಬೇಗ ಹೀರಿಬಿಡುತ್ತವೆ. ಅದು ಗಾಯದ ಮೇಲಿನ ಹಕ್ಕಳೆಯಂತೆ ಅಂಟಿಕೊಂಡಿರುತ್ತದೆ, ಹಿಂದೆ ನೀರು ಹೊಕ್ಕರೆ ಕಳಚುತ್ತದೆ. ಇದೆಲ್ಲ ಗೊತ್ತಿದ್ದೂ ಮಾಡಿದೆ.

ಮಳೆ ಮುಗಿದ ಮೇಲೆ ವಾಡೆಯ ಯಜಮಾನರ ಫೋನು ಬಂತು. ಹೋದೆವು. ಉಗುರು ತಾಗಿಸಿದರೆ ಪಟ್ಟಿಪಟ್ಟಿಯಾಗಿ ಕಿತ್ತು ಬರುತ್ತಿತ್ತು. ಮೊದಲ ಎರಡು ಸಾಲು ಮಾತ್ರ ಗಟ್ಟಿ ನಿಂತಿದ್ದವು — ಅದನ್ನು ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ.

“ವಯಸ್ಸಾತ ಬಿಡ್ರಿ ಕಾಕಾ,” ಎಂದರು ಯಜಮಾನರು. “ಕಣ್ಣ ಕಾಣಂಗಿಲ್ಲ, ಗಚ್ಚಿನ ಹದಾ ಹೆಂಗ ತಿಳೀಬೇಕು?”

ನೀವು ಉದುರಿದ ಚೂರುಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಿರಿ. ನಾನು ಪಕ್ಕದಲ್ಲೇ ಇದ್ದೆ, ಸೆರಗಿನ ತುದಿ ತಿರುವುತ್ತ.

“ನಂದ ತಪ್ಪರಿ,” ಎಂದಿರಿ ನೀವು. “ಅಳತಿ ತಪ್ಪೇತಿ.”

ಆ ಚೂರುಗಳನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಕುಳಿತಿರಿ. ಆ ಮೇಲೆ ನೀವು ಕೆಲಸಕ್ಕೆ ಹೋಗಲಿಲ್ಲ. ಕರೆಯಲು ಬಂದವರನ್ನೂ ನೀವೇ ಹಿಂದಕ್ಕೆ ಕಳಿಸಿದಿರಿ. ಮನೆಯಲ್ಲೇ ಒಂದೊಂದು ಹಿಡಿ ಗಚ್ಚು ಕಲಸಿ, ಉಂಡೆ ಮಾಡಿ ಕಂಪೌಂಡಿನ ಮೇಲೆ ಒಣಗಿಸುತ್ತಿದ್ದಿರಿ. ಉಸುಕು ಕಡಿಮೆ ಮಾಡಿ ಒಂದು, ಸುಣ್ಣ ಹೆಚ್ಚು ಮಾಡಿ ಒಂದು. ಒಣಗಿದ್ದನ್ನು ಕಲ್ಲಿಗೆ ಕುಟ್ಟಿ ನೋಡುತ್ತಿದ್ದಿರಿ.

“ಇದು ಗಟ್ಟಿ ಐತಲ್ಲ ನೀಲಾ. ಅದ್ಯಾಕ ಉದುರಿತ?”

“ಮಳಿ ಜೋರಿತ್ತರಿ.”

ಎಷ್ಟು ಸಲ ಕೇಳಿದಿರೋ, ಅಷ್ಟು ಸಲ ಅದೇ ಉತ್ತರ. ಬೈಯುತ್ತೀರಿ ಎಂಬ ಹೆದರಿಕೆ ಎನ್ನೋಣವೆಂದರೆ, ನೀವು ಬೈಯುವವರಾಗಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಹೋದ ಚಳಿಗಾಲ, ಕೊನೆಯ ವಾರ, ಕೌದಿಯ ಮೇಲೆ ನಿಮ್ಮ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇತ್ತು, ಉಸುಕು ನೋಡುವಾಗ ತಿಕ್ಕುತ್ತಿದ್ದಿರಲ್ಲ, ಹಾಗೆ. “ಉಸಕ ಹೆಚ್ಚಾಗಿತ್ತೇನ?” ಎಂದಿರಿ. “ಇಲ್ಲರಿ, ಎಲ್ಲಾ ಸರಿ ಇತ್ತು,” ಎಂದೆ. ಅಲ್ಲಿಯವರೆಗೆ ಬಂದವಳು ತಪ್ಪು ನನ್ನದು ಎಂಬ ಇನ್ನೊಂದು ಮಾತು ಆಡಲಿಲ್ಲ. ಎರಡು ದಿನಕ್ಕೆ ನೀವು ಹೋದಿರಿ.

ತಿಂಗಳು ಕಳೆದ ಮೇಲೆ ಒಬ್ಬಳೇ ಸಂಪಗಾಂವಕ್ಕೆ ಹೋಗಿ ಯಜಮಾನರ ಮುಂದೆ ಎಲ್ಲ ಹೇಳಿದೆ. ಗಟ್ಟಿ ನಿಂತ ಎರಡು ಸಾಲನ್ನೂ ತೋರಿಸಿದೆ. ಅವರು ಆ ಸಾಲುಗಳ ಮೇಲೆ ಉಗುರು ಎಳೆದು ನೋಡಿದರು.

“ಇದನ್ನ ಕಾಕಾನ ಮುಂದ ಹೇಳಿದ್ದಿಯೇನವಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಮುಖ ತಿರುಗಿಸಿಕೊಂಡರು.

ಗೋಡೆಯ ಸಂದುಗಳು ಇನ್ನೂ ಹಾಗೆಯೇ ಬಾಯಿ ಬಿಟ್ಟಿದ್ದವು. ಅವರ ಒಪ್ಪಿಗೆ ಕೇಳಿಕೊಂಡು ಕೆಲಸಕ್ಕೆ ಇಳಿದೆ. ಒಂದೊಂದು ಸಂದನ್ನೂ ಎರಡು ಬೆರಳು ಕೆದರಿದೆ, ದೂಳು ತೊಳೆದೆ, ಇಟ್ಟಂಗಿಗೆ ನೀರುಣಿಸಿದೆ, ನಿಮ್ಮ ಅಳತೆಯಲ್ಲೇ ಕಲಸಿದೆ, ತುಂಬಿದ ಮೇಲೆ ಹಸಿ ಗೋಣಿ ಹೊದಿಸಿದೆ. ಈ ಸಲದ ಮಳೆ ಹೋಯಿತು. ಒಂದು ಚೂರೂ ಉದುರಿಲ್ಲ. ನಿಮ್ಮ ಅಳತೆ ಸರಿಯಾಗಿತ್ತು.

ಕೆದರಿ ಮುಗಿಸಿದ ಸಂಜೆ, ರೂಢಿಯಂತೆ, ಪಕ್ಕಕ್ಕೆ ಕೈ ಚಾಚಿದೆ. ಬೆರಳಿಟ್ಟು ನೋಡಿ “ಹೂಂ, ತುಂಬು” ಎನ್ನುವವರು ಇರಲಿಲ್ಲ.